ಮಾವನ ವೇ ಬಿಲ್

ಪುಟ್ಟಿಗೆ ಮೊನ್ನೆ ಆರು ತಿಂಗಳು ತುಂಬಿತು. ಮಾಲೇಕಲ್ ತಿರುಪತಿಗೆ ಹೋಗಿ, ಬೆಟ್ಟ ಹತ್ತುವ ಸಾಹಸ ಮಾಡದೆ ಕೆಳಗಿನ ದೇವಸ್ಥಾನದಲ್ಲೇ ಅನ್ನಪ್ರಾಶನ ಮುಗಿಸಿಕೊಂಡು ಬಂದೆವು. ಮೊದಲ ತುತ್ತು ಪಾಯಸವನ್ನು ಮುಖ ಸಿಂಡರಿಸಿ ಉಗಿದಳು. ಎರಡನೆಯದನ್ನು ನುಂಗಿ ಚಮಚಕ್ಕೆ ಕೈ ಹಾಕಿದಳು. ಫೋಟೊ ನೋಡಿದವರೆಲ್ಲ "ಹೊಟ್ಟೆ ಈಗ ಹೇಗಿದೆ?" ಅಂತಲೇ ಕೇಳಿದಿರಿ. ಚೆನ್ನಾಗಿದೆ. ಒಂದೂವರೆ ತಿಂಗಳ ಲಸಿಕೆ ಸೂಜಿಯ ಮಾರನೇ ದಿನ ಅವಳಿಗೆ ಭೇದಿ ಶುರುವಾಗಿ ನಾವೆಲ್ಲ ಹೆದರಿದ್ದೆವಲ್ಲ, ಅದನ್ನೆಲ್ಲ ಪೂರ್ತಿಯಾಗಿ ಮತ್ತೆ ಹೇಳುವುದಿಲ್ಲ. ಆ ದಿನಗಳಲ್ಲಿ ನಿಮ್ಮ ತಲೆ ತಿಂದವಳು ನಾನೇ ಅಲ್ಲವಾ.

ಮೊದಲು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ: ಸೂಜಿ ಹಾಕಿಸಿದ ಸಂಜೆಯಿಂದ ದಿನಾ ಬಾಗಿಲಿಗೆ ಬಂದು ವಿಚಾರಿಸಿದ ಆಶಾ ಕಾರ್ಯಕರ್ತೆ ಅಕ್ಕನಿಗೆ, ಬೆಳಗಿನ ಜಾವ ಕರೆದರೂ ಗೊಣಗದೆ ಆಟೋ ತೆಗೆದ ಎದುರುಮನೆ ಅಣ್ಣನಿಗೆ, ಸಬ್ಬಸಿಗೆ ಸೊಪ್ಪು ತಿನ್ನಿಸಿ ತಿನ್ನಿಸಿ ನನಗೆ ಹಾಲು ಬತ್ತದಂತೆ ನೋಡಿಕೊಂಡ ಅತ್ತೆಗೆ, ಶಿಫ್ಟ್ ಬಿಟ್ಟು ಬರಲಾಗದೆ ಪೀಣ್ಯದಿಂದ ಫೋನಿನಲ್ಲೇ ಒದ್ದಾಡಿದ ನಮ್ಮ ಯಜಮಾನರಿಗೆ, ರಾತ್ರಿ ಎರಡಕ್ಕೆ ಮೆಸೇಜ್ ಹಾಕಿದರೂ "ಎದ್ದಿದೀನಿ, ಹೇಳು" ಅಂದ ಗೆಳತಿಯರಿಗೆ. ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಯಬೇಕು, ಗೊತ್ತು. ಬೇಜಾರು ಮಾಡಿಕೊಳ್ಳಬೇಡಿ. ಇವತ್ತು ಬರೆಯಲು ಕೂತಿದ್ದು ನಮ್ಮ ಮಾವನ ಬಗ್ಗೆ.

ಮಾವ ಅರಸೀಕೆರೆ ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆಗಿ ಒಂಬತ್ತು ವರ್ಷವಾದರೂ ಅಂಗಿ ಜೇಬಿನಲ್ಲಿ ಪೆನ್ನು, ಚಿಲ್ಲರೆಗೆ ಬೇರೆ ಚೀಲ. ಮೊಮ್ಮಗಳನ್ನು ಎತ್ತಿಕೊಳ್ಳಿ ಅಂದರೆ "ಕತ್ತು ನಿಲ್ಲಲಿ ತಡಿ" ಅಂತ ದೂರ ಸರಿಯುತ್ತಿದ್ದರು. ಒಂದೂವರೆ ತಿಂಗಳ ಸೂಜಿಯ ದಿನ ಆರೋಗ್ಯ ಕೇಂದ್ರಕ್ಕೇನೋ ಜೊತೆಗೆ ಬಂದರು. ಎರಡೂ ತೊಡೆಗೆ ಚುಚ್ಚಿ, ಬಾಯಿಗೆ ಪೋಲಿಯೊ ಹನಿ, ವಾಂತಿಭೇದಿ ತರುವ ರೋಟಾ ವೈರಸ್ ತಡೆಯುವ ರೋಟಾ ಹನಿ ಹಾಕುವಷ್ಟು ಹೊತ್ತೂ ಹೊರಗೆ ಹೊಂಗೆ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತಿದ್ದರು.

ಭೇದಿ ಶುರುವಾಗಿದ್ದು ಮಾರನೇ ದಿನ. ಅದರ ಮಾರನೇ ದಿನ ಡಾಕ್ಟರು ನೋಡಿ, ಎದೆಹಾಲು ನಿಲ್ಲಿಸಬೇಡಿ, ಉಚ್ಚೆ ಎಷ್ಟು ಸಲ ಹೋಗ್ತಾಳೆ ಎಣಿಸಿ, ನೆತ್ತಿ ಕುಳಿ ಬೀಳುತ್ತಾ ನೋಡ್ತಾ ಇರಿ ಅಂದರು. ಹಸಿರು ವಾಂತಿಯಾದರೆ, ಕಕ್ಕದಲ್ಲಿ ರಕ್ತ ಕಂಡರೆ, ಕಾಲು ಮಡಚಿಕೊಂಡು ಬಿಟ್ಟು ಬಿಟ್ಟು ಕಿರುಚಿದರೆ ಮಾತ್ರ ಒಂದು ನಿಮಿಷವೂ ಕಾಯದೆ ಬನ್ನಿ ಅಂದರು. ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ, ಫೋನ್ ತೆಗೆದು ಆ ಕೊನೆಯ ಮಾತಿನ ಅರ್ಥ ಹುಡುಕಿದ್ದು. ಕರುಳಿನೊಳಗೆ ಕರುಳು ಸಿಕ್ಕಿಕೊಳ್ಳುವ ಒಂದು ತೊಂದರೆ ಇದೆಯಂತೆ. ರೋಟಾ ಹನಿಯಾದ ಮೇಲೆ ಅದು ಬರುವುದು ಬಹಳ ಅಪರೂಪ ಅಂತ ಅಲ್ಲೇ ಬರೆದಿತ್ತು. ಅಪರೂಪ ಅನ್ನುವ ಪದ ಹಗಲಿಗೆ ಕಂಡ ಹಾಗೆ ರಾತ್ರಿಗೆ ಕಾಣುವುದಿಲ್ಲ.

ಎಂಟು ಗಂಟೆಗೆ ಮಾವ ಊಟ ಮುಗಿಸಿ ಗೋಡೆಯ ಕ್ಯಾಲೆಂಡರಿನಿಂದ ಹಳೇ ತಿಂಗಳ ಹಾಳೆ ಹರಿದರು. ಹಿಂದುಗಡೆ ಸ್ಕೇಲಿಟ್ಟು ಗೆರೆ ಎಳೆದರು: ಹೊತ್ತು, ಹಾಲು, ಉಚ್ಚೆ, ಭೇದಿ, ವಾಂತಿ. ಮೇಲೆ ತಾರೀಕು, ಕೆಳಗೆ ಸಹಿಗೆ ಜಾಗ. ಥೇಟ್ ವೇ ಬಿಲ್, ಕಂಡಕ್ಟರುಗಳು ಟ್ರಿಪ್ಪಿನ ಟಿಕೆಟ್ ಲೆಕ್ಕ ಬರೆಯುವ ಹಾಳೆ. "ನೀವಿಬ್ಬರೂ ಎರಡು ರಾತ್ರಿ ಆಯ್ತು ನಿದ್ದೆಗೆಟ್ಟು. ಇವತ್ತು ನೈಟ್ ಹಾಲ್ಟ್ ಡ್ಯೂಟಿ ನಂದು" ಅಂದರು. ಅತ್ತೆಗೆ ನಗು ಬಂತು. ನನಗೆ ನಗಲೂ ತ್ರಾಣ ಇರಲಿಲ್ಲ.

ಬಾಣಂತಿ ಕೋಣೆ, ಮಾವ ಒಳಗೆ ಬರುವ ಹಾಗಿಲ್ಲ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ನಮಗೆ ಬೆನ್ನು ಮಾಡಿ ಕೂತರು. ನಾನು ಒಳಗಿನಿಂದ "ಮಾವ, ಉಚ್ಚೆ" ಅನ್ನುವುದು, ಅವರು ಗಡಿಯಾರ ನೋಡಿ ಬರೆದುಕೊಂಡು "ರೈಟ್" ಅನ್ನುವುದು. "ಮಾವ, ಭೇದಿ, ನೀರು ನೀರು." "ರೈಟ್." ಹನ್ನೆರಡರ ಹೊತ್ತಿಗೆ ಎಷ್ಟು ಸಲ ಏನಾಯಿತೆಂದು ನನ್ನ ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಯೇ ಇರಲಿಲ್ಲ. ನಿದ್ದೆಗಿಂತ ದೊಡ್ಡ ಉಪಕಾರ ಅದು. ಸಿಕ್ಕಿದವರಿಗೇ ಗೊತ್ತು.

ಎರಡೂ ನಲವತ್ತಕ್ಕೆ ಲಂಗೋಟಿ ಬಿಚ್ಚಿದರೆ ಕೆಂಪು.

ನಾನು ಹೇಗೆ ಕಿರುಚಿದೆನೋ, ಏನು ಕಿರುಚಿದೆನೋ ನೆನಪಿಲ್ಲ. ಅತ್ತೆ ಆಮೇಲೆ ಹೇಳಿದ್ದು, ನಾನು "ಅಮ್ಮಾ" ಅಂತ ಕೂಗಿದೆನಂತೆ. ನಮ್ಮಮ್ಮ ಹೋಗಿ ನಾಲ್ಕು ವರ್ಷ. ಅಮ್ಮ ಇಲ್ಲ ಅಂತಲೇ ನನಗೆ ಬಾಣಂತನ ಗಂಡನ ಮನೆಯಲ್ಲಿ. ಮೊದಲ ಮಗು ಹೊಟ್ಟೆಯಲ್ಲಿದ್ದಷ್ಟು ದಿನವೂ ಅಮ್ಮನಿಗಾಗಿ ಒಂದು ಹನಿ ಕಣ್ಣೀರು ಹಾಕಿದವಳಲ್ಲ, ಗಟ್ಟಿಗಿತ್ತಿ ಅಂತ ಎಲ್ಲರ ಕೈಲಿ ಹೇಳಿಸಿಕೊಂಡೆ. ಆ ಹೊತ್ತಿನಲ್ಲಿ ಮಾತ್ರ ಅವಳು ಬೇಕಿತ್ತು. ಅವಳೇ ಬೇಕಿತ್ತು, ಬೇರೆ ಯಾರೂ ಅಲ್ಲ. ಆ ಕೂಗಿಗೆ ಬಾಗಿಲ ಹೊರಗಿನಿಂದ "ಏನವ್ವಾ" ಅಂತ ಓಗೊಟ್ಟಿದ್ದು ಮಾವ.

ಅವರು ಒಳಗೆ ಬಂದರು. ಬರುವ ಹಾಗಿಲ್ಲ ಅನ್ನುವುದೆಲ್ಲ ಮರೆತುಹೋಗಿತ್ತು. ರಾತ್ರಿ ಬಸ್ಸಿನಲ್ಲಿ ಟಿಕೆಟ್ ನೋಡಲು ಇಟ್ಟುಕೊಳ್ಳುತ್ತಿದ್ದ ಪುಟಾಣಿ ಟಾರ್ಚ್ ತಂದು ಲಂಗೋಟಿಯ ಮೇಲೆ ಬಿಟ್ಟರು. ಕೆಂಪು ಇದ್ದದ್ದು ನಡುವೆ ಅಲ್ಲ, ಮೇಲಂಚಿನಲ್ಲಿ, ಸೊಂಟ ತಾಗುವ ಕಡೆ, ಒಂದು ಗೆರೆಯ ಹಾಗೆ. ಮಗುವಿನ ಸೊಂಟದಲ್ಲಿ ಹಿಂದಿನ ದಿನ ಅತ್ತೆ ದೃಷ್ಟಿಗೆಂದು ಕಟ್ಟಿದ್ದ ಹೊಸ ಕೆಂಪು ದಾರ. ಒದ್ದೆಯಾದ ಆ ದಾರವನ್ನು ಒಂದು ಬಿಳಿ ಬಟ್ಟೆಯ ತುದಿಗೆ ಉಜ್ಜಿ ನೋಡಿದರು. ಅದೇ ಕೆಂಪು. ಅತ್ತೆ ಮಾತಿಲ್ಲದೆ ಕತ್ತರಿ ತಂದರು.

"ಬಣ್ಣ ಅಂತ ನನಗೂ ಕಾಣ್ತದೆ. ಆದ್ರೂ ಡಾಕ್ಟರ್ ಹೇಳ್ಲಿ" ಅಂದರು ಮಾವ. ಮೂರಕ್ಕೆ ಫೋನ್ ಮಾಡಿದರೆ ಡಾಕ್ಟರು ತೆಗೆದರು, ಪುಣ್ಯಾತ್ಮರು. ಹಾಲು ಕುಡೀತಿದಾಳಾ, ವಾಂತಿ ಯಾವ ಬಣ್ಣ, ಹೊಟ್ಟೆ ಗಟ್ಟಿಯಾಗಿದೆಯಾ ಅಂತೆಲ್ಲ ಕೇಳಿ, ಬೆಳಗಾಗುತ್ತಲೇ ಆ ಬಟ್ಟೆಯನ್ನೂ ತನ್ನಿ, ನಡುವೆ ಏನಾದರೂ ಬದಲಾದರೆ ತಕ್ಷಣ ಹೊರಡಿ ಅಂದರು. ಆಮೇಲಿನ ಎರಡು ಗಂಟೆ ಮಾವ ಕುರ್ಚಿಯನ್ನು ಬಾಗಿಲಿಗೆ ಇನ್ನೂ ಹತ್ತಿರ ಎಳೆದುಕೊಂಡು ಕೂತರು. ಯಾವಾಗಲೋ ಒಮ್ಮೆ, ನನಗೆ ಹೇಳಿದರೋ ಅತ್ತೆಗೋ, ಗೋಡೆ ನೋಡಿಕೊಂಡು ಅಂದರು: "ನಮ್ಮ ಹುಡುಗ ಕೂಸಾಗಿದ್ದಾಗ ನಂಗೆ ಜಾವಗಲ್ ಕಡೆ ರೂಟು. ರಾತ್ರಿ ಎಲ್ಲ ಅಲ್ಲೇ ಹಾಲ್ಟು. ರಾತ್ರಿ ಹೊತ್ತು ಹೆಂಗೆ ಅಳ್ತಿದ್ದ ಅಂತ್ಲೇ ನಂಗೆ ಗೊತ್ತಿಲ್ಲ." ಅತ್ತೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಾನು "ಮಾವ, ಉಚ್ಚೆ" ಅಂದೆ. "ರೈಟ್."

ಐದಕ್ಕೆ ಆಟೋ ಹೊರಟಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ನೆತ್ತಿ ಮುಟ್ಟಿದರು, ಲಂಗೋಟಿಯನ್ನು ಬೆಳಕಿಗೆ ಹಿಡಿದರು. ನನ್ನನ್ನು ಹೆಚ್ಚೇನೂ ಕೇಳಲಿಲ್ಲ. ಮಾವನ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿ, ಉಚ್ಚೆಯ ಕಾಲಮ್ಮಿನಲ್ಲಿ ಬೆರಳಿಟ್ಟು "ಒಂಬತ್ತು ಗಂಟೆಯಲ್ಲಿ ಐದು. ಮಗು ಒಣಗಿಲ್ಲ, ಹಾಲು ಕುಡಿಸ್ತಾ ಇರಿ" ಅಂದರು. ಸೂಜಿ ದಿನದ ಹನಿಯಿಂದಲೇ ಆಯ್ತಾ ಅಂತ ಕೇಳಿದೆ. ಕೆಲವು ಮಕ್ಕಳಿಗೆ ಆ ಹನಿಯಿಂದ ಒಂದೆರಡು ದಿನ ಭೇದಿ ಆಗುವುದುಂಟು, ಅದೇ ಹೊತ್ತಿಗೆ ಬೇರೆ ಸೋಂಕು ತಗುಲಿದ್ದರೂ ಹೀಗೇ ಇರುತ್ತೆ, ಇಂಥದ್ದೇ ಅಂತ ಹೇಳಲಾರೆ ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದೇ ಆಗ.

ನೋಡಲು ಬಂದ ನೆಂಟರಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಸೂಜಿ ಹಾಕಿಸಿದ್ದೇ ತಪ್ಪು, ನಮ್ಮ ಕಾಲದಲ್ಲಿ ಈ ಹನಿ ಎಲ್ಲಿತ್ತು. ಇರಲಿಲ್ಲ, ನಿಜ. ರೋಟಾ ಹನಿ ಸರ್ಕಾರಿ ಪಟ್ಟಿಗೆ ಸೇರಿದ್ದೇ 2016ರಲ್ಲಿ, ಅದೂ ಮೊದಲು ನಾಲ್ಕು ರಾಜ್ಯಗಳಲ್ಲಿ. ನಮ್ಮ ಕಡೆ ಬಂದದ್ದು ಅದಕ್ಕೂ ಆಮೇಲೆ. ಆ ಕಾಲದಲ್ಲಿ ವಾಂತಿಭೇದಿಗೆ ಹೋದ ಕೂಸುಗಳ ಲೆಕ್ಕ ಅತ್ತೆಯ ಹತ್ತಿರ ಹೆಸರು ಸಮೇತ ಇದೆ, ಒಂದೇ ಬೀದಿಯಲ್ಲಿ ಮೂರು. ಕೂಸಿಗೆ ನಾಟಿ ಮದ್ದೆಂದು ಬಜೆ ತೇಯುವ ಕಲ್ಲನ್ನು ಅವರೇ ತೊಳೆದು ಅಟ್ಟಕ್ಕೆ ಹಾಕಿದರು, ನಾನು ಹೇಳಬೇಕಾಗಿ ಬರಲಿಲ್ಲ.

ಆದರೂ ಮುಂದಿನ ಡೋಸಿನ ಹತ್ತನೇ ವಾರ ಹತ್ತಿರ ಬಂದ ಹಾಗೆ ನನ್ನ ಎದೆ ಡವಗುಟ್ಟಿತು. ಈ ಸಲ ಬೇಡ, ಮುಂದಿನ ವಾರ ನೋಡೋಣ ಅಂತ ಎರಡು ಸಲ ಅಂದೆ. ಮಾವ ವಾದ ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಸೂಜಿಗಳ ಲೆಕ್ಕವಿರುವ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಜಗಲಿಯಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದರು. ಅವತ್ತು ಮರದ ಕೆಳಗೆ ಹೋಗಲಿಲ್ಲ. ಹನಿ ಹಾಕುವಾಗ ಪುಟ್ಟಿಯ ತಲೆ ಹಿಡಿದಿದ್ದವರೇ ಅವರು. ಆ ರಾತ್ರಿಗೂ ಗೆರೆ ಎಳೆದ ಹಾಳೆ ತಯಾರಾಗಿತ್ತು. ಬೆಳಗಿನವರೆಗೆ ಭೇದಿಯ ಕಾಲಮ್ಮಿನಲ್ಲಿ ಒಂದು ಗೀಟೂ ಬೀಳಲಿಲ್ಲ. ಹದಿನಾಲ್ಕನೇ ವಾರದ್ದೂ ಹಾಗೇ ಮುಗಿಯಿತು.

ಆ ಮೊದಲ ಹಾಳೆ ಈಗ ತಾಯಿ ಕಾರ್ಡಿನ ಜೊತೆಗೇ ಇದೆ, ಕೆಳಗೆ ಮಾವನ ಸಹಿ ಸಮೇತ. ಅನ್ನಪ್ರಾಶನ ಮುಗಿಸಿ ಬಂದ ಸಂಜೆ ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ಮನೆಗೆ "ಪಾಯಸ, 2 ಚಮಚ" ಅಂತ ಬರೆದರು. ಆಮೇಲೆ ಹಾಳೆ ಮಗುಚುತ್ತಾ ಹೋಗಿ, ಒಂಬತ್ತು ತಿಂಗಳು ತುಂಬಿದ ಮೇಲಿನ ಗುರುವಾರಕ್ಕೆ ಒಂದು ಸುತ್ತು ಹಾಕಿದರು. ದಡಾರದ ಸೂಜಿ ಅದು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದಾರೆ: ನೈಟ್ ಹಾಲ್ಟ್.