ನರಿ ಹೇಳಿದ್ದು ‘ಹುಳಿ’ ಅಂತಲ್ಲ, ‘ಇನ್ನೂ ಕಾಯಿ’ ಅಂತ

ಮಾನ್ಯ ಸಂಪಾದಕರೇ,

ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಚಿಕ್ಕಬಳ್ಳಾಪುರದ ಶಾಲೆಗಳಲ್ಲಿ ಕಥೆ ಹೇಳುವ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಗಡಿಬಿಡಿ. ಕಥೆಗಾಗಿ ಶಿಕ್ಷಕರು ಹುಡುಕುವುದು ಪತ್ರಿಕೆಗಳ ಮಕ್ಕಳ ಪುಟಗಳಲ್ಲಿ. ಅಲ್ಲಿ ಪ್ರಾಚೀನ ಗ್ರೀಕ್ ಕಥೆಗಾರ ಈಸೋಪನ ಹೆಸರಲ್ಲಿ ಬರುವ ಕಥೆ, ಪಕ್ಕದ ನಾಲ್ಕು ಸಾಲಿನ ಜೀವನಚರಿತ್ರೆ, ಕೊನೆಯ ನೀತಿವಾಕ್ಯ ಎಲ್ಲವೂ ಇದ್ದಂತೆಯೇ ಮಕ್ಕಳ ಬಾಯಿಗೆ ಬರುತ್ತವೆ. ಈ ಮೂರರಲ್ಲೂ ತಿದ್ದಬೇಕಾದ್ದಿದೆ.

ಇದು ದ್ರಾಕ್ಷಿ ಬೆಳೆಯುವ ಜಿಲ್ಲೆ. ದ್ರಾಕ್ಷಿಯಿಂದಲೇ ಶುರು ಮಾಡೋಣ. ‘ಕೈಗೆಟುಕದ ದ್ರಾಕ್ಷಿ ಹುಳಿ’ ಎಂಬುದು ನಮ್ಮಲ್ಲಿ ಗಾದೆಯೇ ಆಗಿದೆ. ಆದರೆ ಗ್ರೀಕ್ ಗದ್ಯದ ಕಥೆಯಲ್ಲಿ ನರಿ ಹುಳಿ ಎನ್ನುವುದಿಲ್ಲ. ಅದು ಹೇಳುವುದು ‘ಓಂಫಕೆಸ್’, ಅಂದರೆ ಇನ್ನೂ ಮಾಗದ ಕಾಯಿ. ಲ್ಯಾಟಿನ್ ಕವಿ ಫೀಡ್ರಸ್ ಕೂಡ ‘ಇನ್ನೂ ಹಣ್ಣಾಗಿಲ್ಲ, ಒಗರು ಕಾಯಿ ನನಗೆ ಬೇಡ’ ಎಂದೇ ನರಿಯಿಂದ ಹೇಳಿಸುತ್ತಾನೆ. ಹುಳಿ ಎಂಬ ಒಂದೇ ಮಾತು ನಮಗೆ ಬಂದದ್ದು ಇಂಗ್ಲಿಷಿನ ದಾರಿಯಲ್ಲಿ. ಈ ವ್ಯತ್ಯಾಸ ಇಲ್ಲಿನ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಯಿ ಹಸಿರಾಗಿ ಗಟ್ಟಿಯಾಗಿದ್ದಾಗ ಆಮ್ಲ ತುಂಬಿರುತ್ತದೆ. ಬಣ್ಣ ತಿರುಗಿದ ಮೇಲೆ ಆಮ್ಲ ಇಳಿದು ಸಕ್ಕರೆ ಏರುತ್ತದೆ. ಬೆಂಗಳೂರು ಬ್ಲೂ ತಳಿಯಂತೂ ಪೂರ್ತಿ ಹಣ್ಣಾದ ಮೇಲೂ ಹುಳಿಯನ್ನು ಬಿಡುವುದಿಲ್ಲ. ಹುಳಿ ಎಂಬುದು ಹಣ್ಣಿನ ಗುಣ, ಕಾಯಿ ಎಂಬುದು ಕಾಲದ ಮಾತು.

ಕಥೆಯ ತಿರುಳು ಇರುವುದೂ ಈ ಕಾಲದ ಮಾತಿನಲ್ಲೇ. ಗ್ರೀಕ್ ಪಾಠದ ಕೊನೆಯ ಸಾಲಿನ ಅರ್ಥ ಇದು: ತಮ್ಮ ಕೈಲಾಗದೆ ಕೆಲಸ ಕೈಗೂಡದಿದ್ದಾಗ ಕೆಲವರು ಕಾಲವನ್ನು ದೂರುತ್ತಾರೆ. ‘ಇನ್ನೂ ಕಾಲ ಕೂಡಿಬಂದಿಲ್ಲ’ ಎಂದು ನಾವು ಹೇಳುತ್ತೇವಲ್ಲ, ಇದು ಆ ಮಾತಿನ ಕಥೆ. ‘ಸಿಗದ್ದನ್ನು ಹಳಿಯಬಾರದು’ ಎಂಬ ನೀತಿ ಫೀಡ್ರಸನ ಕಡೆಯಿಂದ ಬಂದದ್ದು. ಎರಡೂ ಹಳೆಯವೇ. ಆದರೆ ನರಿಯ ಬಾಯಲ್ಲಿ ‘ಹುಳಿ’ ಇಟ್ಟುಬಿಟ್ಟರೆ ಮೊದಲನೆಯ ಅರ್ಥ ಮಗುವಿಗೆ ಸಿಗುವುದೇ ಇಲ್ಲ. ಚಿತ್ರ ಬರೆಯುವವರಿಗೂ ಒಂದು ಮಾತು: ಕಥೆಯಲ್ಲಿರುವುದು ಮರಕ್ಕೆ ಹಬ್ಬಿಸಿದ ಬಳ್ಳಿ, ಕಲ್ಲುಕಂಬ ತಂತಿಯ ಚಪ್ಪರವಲ್ಲ.

ಇನ್ನು ಜೀವನಚರಿತ್ರೆ. ‘ಗೂನು ಬೆನ್ನಿನ, ಕುರೂಪಿ, ಮೊದಲು ಮೂಗನಾಗಿದ್ದ ಗುಲಾಮ, ತತ್ವಜ್ಞಾನಿ ಕ್ಸಾಂಥಸನ ಆಳು, ಬಾಬಿಲೋನಿನ ರಾಜನ ಮಂತ್ರಿ’ ಎಂದೆಲ್ಲ ಅಚ್ಚಾಗುತ್ತದೆ. ಇದು ಬಂದದ್ದು ‘ಈಸೋಪನ ಜೀವನ’ ಎಂಬ ಗ್ರೀಕ್ ಜನಪ್ರಿಯ ಕಥೆಯಿಂದ. ಅದು ಸಿದ್ಧವಾದದ್ದು ಕ್ರಿ.ಶ. 1–2ನೇ ಶತಮಾನದಲ್ಲಿ, ಈಸೋಪ ಬದುಕಿದ್ದನೆನ್ನುವ ಕಾಲಕ್ಕೆ ಆರೇಳು ನೂರು ವರ್ಷ ಈಚೆಗೆ. ಬಾಬಿಲೋನಿನ ಭಾಗವಂತೂ ಅಹಿಕಾರ್ ಎಂಬ ಅಸ್ಸೀರಿಯದ ಮಂತ್ರಿಯ ಹಳೆಯ ಕಥೆಯನ್ನು ಎತ್ತಿ ಈಸೋಪನಿಗೆ ತೊಡಿಸಿದ್ದು. ಆ ಅಹಿಕಾರನ ಕಥೆ ಇರುವ ಕ್ರಿ.ಪೂ. 5ನೇ ಶತಮಾನದ ಅರಾಮಿಕ್ ಭಾಷೆಯ ಹಾಳೆಗಳು ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕಿವೆ.

ಹಾಗಾದರೆ ಜೀವನಚರಿತ್ರೆಯ ಚೌಕದಲ್ಲಿ ಏನು ಹಾಕಬೇಕು? ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳಿದಷ್ಟನ್ನು. ಆತ ಬರೆದದ್ದು ಸುಮಾರು ನೂರು ವರ್ಷದ ಅಂತರದಲ್ಲಿ. ಈಸೋಪ ಕಥೆ ಕಟ್ಟುವವನು, ಸಾಮೋಸ್ ದ್ವೀಪದ ಇಯಾಡ್ಮೋನನ ಗುಲಾಮ. ಅದೇ ಮನೆಯಲ್ಲಿದ್ದ ರೊಡೋಪಿಸ್ ಎಂಬಾಕೆ ಈಜಿಪ್ಟಿನ ರಾಜ ಅಮಾಸಿಸನ ಕಾಲದವಳು. ಈಸೋಪನನ್ನು ಕೊಂದದ್ದಕ್ಕೆ ಪರಿಹಾರ ಕೊಡುತ್ತೇವೆಂದು ಗ್ರೀಸಿನ ದೇಗುಲದ ಊರಾದ ಡೆಲ್ಫಿಯವರು ಮತ್ತೆ ಮತ್ತೆ ಸಾರಿದಾಗ ಅದನ್ನು ತೆಗೆದುಕೊಳ್ಳಲು ಬಂದವನು ಇಯಾಡ್ಮೋನನ ಮೊಮ್ಮಗ. ಅಮಾಸಿಸ್ ಆಳಿದ್ದು ಕ್ರಿ.ಪೂ. 570ರಿಂದ 526. ‘ಕ್ರಿ.ಪೂ. 6ನೇ ಶತಮಾನ’ ಎಂದು ಬರೆದರೆ ಸಾಕು. 620, 564 ಎಂಬ ಹುಟ್ಟು-ಸಾವಿನ ಇಸವಿಗಳನ್ನು ಖಚಿತವೆಂಬಂತೆ ಹಾಕಬಾರದು. ಡೆಲ್ಫಿಯವರು ಅವನ ಮೇಲೆ ದೇವರ ಬಟ್ಟಲು ಕದ್ದ ಆರೋಪ ಹೊರಿಸಿದರೆಂಬ ಮಾತು ಕ್ರಿ.ಪೂ. 422ರ ಅರಿಸ್ಟೋಫೇನಸನ ನಾಟಕದಲ್ಲಿಯೇ ಇದೆ, ಅದನ್ನು ‘ಎಂದು ಹೇಳುತ್ತಾರೆ’ ಸೇರಿಸಿ ಬಳಸಬಹುದು. ಊರಿನ ವಿಷಯದಲ್ಲಿ ಒಬ್ಬರು ಥ್ರೇಸ್ ಎನ್ನುತ್ತಾರೆ, ಒಬ್ಬರು ಫ್ರಿಜಿಯ. ಇಥಿಯೋಪಿಯದವನೆಂಬ ಮಾತಿಗೆ ಹೆಸರಿನ ಉಚ್ಚಾರಣೆಯ ಹೋಲಿಕೆ ಬಿಟ್ಟರೆ ಬುಡವಿಲ್ಲ. ಭಾವಚಿತ್ರವೆಂದು ಹಾಕುವ ವೆಲಾಸ್ಕೆಸನ ವರ್ಣಚಿತ್ರ 1638ರ ಸುಮಾರಿನದು. ಕೆಳಗೆ ‘ಕಲಾವಿದನ ಕಲ್ಪನೆ’ ಎಂದು ಬರೆಯಲೇಬೇಕು.

ಈಸೋಪ ಸ್ವತಃ ಬರೆದ ಒಂದು ಸಾಲೂ ಉಳಿದಿಲ್ಲ. ಕ್ರಿ.ಪೂ. 300ರ ಸುಮಾರಿಗೆ ಫಾಲೆರಮ್ಮಿನ ಡೆಮೆಟ್ರಿಯಸ್ ಮಾಡಿದ ಮೊದಲ ಸಂಗ್ರಹವೂ ಕಳೆದುಹೋಗಿದೆ. ಈಗ ಕೈಗೆ ಸಿಗುವುದು 1ನೇ ಶತಮಾನದ ಫೀಡ್ರಸನ ಲ್ಯಾಟಿನ್ ಪದ್ಯ, ಆಮೇಲಿನ ಬಾಬ್ರಿಯಸನ ಗ್ರೀಕ್ ಪದ್ಯ, 400ರ ಆಸುಪಾಸಿನ ಆವಿಯಾನಸನ 42 ಕಥೆಗಳು ಮತ್ತು ಹೆಸರಿಲ್ಲದವರು ಬರೆದಿಟ್ಟ ಗ್ರೀಕ್ ಗದ್ಯ ಸಂಗ್ರಹಗಳು.

ಮಕ್ಕಳ ಕಥೆ ಎಂಬ ಹಣೆಪಟ್ಟಿಯೂ ಆಮೇಲಿನದೇ. ಸಾಮೋಸಿನಲ್ಲಿ ಒಬ್ಬ ಜನನಾಯಕನ ಮೇಲೆ ಮರಣದಂಡನೆಯ ವಿಚಾರಣೆ ನಡೆದಾಗ ಈಸೋಪ ಅವನ ಪರವಾಗಿ ಹೇಳಿದ ಕಥೆಯನ್ನು ಅರಿಸ್ಟಾಟಲ್ ತನ್ನ ಭಾಷಣಶಾಸ್ತ್ರದಲ್ಲಿ ಕೊಡುತ್ತಾನೆ. ಹೊಳೆ ದಾಟಲು ಹೋದ ನರಿ ಕೊರಕಲಿಗೆ ಬಿದ್ದಿದೆ, ಮೈತುಂಬ ರಕ್ತ ಹೀರುವ ಉಣ್ಣೆ ಹತ್ತಿವೆ. ಕಿತ್ತುಹಾಕಲೇ ಎಂದು ಮುಳ್ಳುಹಂದಿ ಕೇಳಿದರೆ ನರಿ ಬೇಡ ಎನ್ನುತ್ತದೆ: ‘ಇವುಗಳ ಹೊಟ್ಟೆ ತುಂಬಿದೆ, ಈಗ ಹೀರುವುದು ಕಡಿಮೆ. ಇವನ್ನು ಕಿತ್ತರೆ ಹಸಿದ ಬೇರೆ ಉಣ್ಣೆ ಬಂದು ಉಳಿದ ರಕ್ತವನ್ನೂ ಹೀರುತ್ತವೆ.’ ಈ ಮನುಷ್ಯ ಈಗಾಗಲೇ ಸಾಹುಕಾರ, ಇವನನ್ನು ಕೊಂದರೆ ಇಲ್ಲದವರು ಬಂದು ಬೊಕ್ಕಸದಲ್ಲಿ ಉಳಿದದ್ದನ್ನೂ ಕದಿಯುತ್ತಾರೆ ಎಂಬುದು ಈಸೋಪನ ವಾದ. ಹಸು ಸಾಕುವ ನಮ್ಮ ಊರುಗಳ ಮಕ್ಕಳಿಗೆ ಉಣ್ಣೆ ಏನೆಂದು ಹೇಳಿಕೊಡಬೇಕಿಲ್ಲ. ಎಂಟು, ಒಂಬತ್ತನೇ ತರಗತಿಯವರಿಗೆ ಆಮೆ-ಮೊಲಕ್ಕಿಂತ ಇದು ಒಳ್ಳೆಯ ಆಯ್ಕೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೆರೆಮನೆಯ ಕೊನೆಯ ದಿನಗಳಲ್ಲಿ ಸಾಕ್ರೆಟಿಸ್ ಈಸೋಪನ ಕಥೆಗಳನ್ನು ಪದ್ಯ ಮಾಡುತ್ತಿದ್ದನೆಂದು ಪ್ಲೇಟೋ ಬರೆದಿದ್ದಾನೆ. ದೊಡ್ಡವರು ದೊಡ್ಡವರಿಗೆ ಹೇಳುತ್ತಿದ್ದ ಕಥೆಗಳಿವು.

ಕಂಡ ಪ್ರಾಣಿಕಥೆಯನ್ನೆಲ್ಲ ಈಸೋಪನ ಲೆಕ್ಕಕ್ಕೆ ಬರೆಯುವುದು ಇನ್ನೊಂದು ತಪ್ಪು. ಕೋತಿ-ಮೊಸಳೆ, ಸಿಂಹವನ್ನು ಬಾವಿಗೆ ಕೆಡವಿದ ಮೊಲ, ಬ್ರಾಹ್ಮಣನ ಮೇಕೆ ಕಸಿದ ಮೂವರು ಠಕ್ಕರು, ಇವೆಲ್ಲ ಪಂಚತಂತ್ರದವು. ಪಂಚತಂತ್ರ ನಮಗೆ ಹೊರಗಿನದೂ ಅಲ್ಲ. 11ನೇ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಸ್ಥಾನದ ದುರ್ಗಸಿಂಹ ವಸುಭಾಗ ಭಟ್ಟನ ಪಾಠ ಹಿಡಿದು ಅದನ್ನು ಕನ್ನಡ ಚಂಪೂವಾಗಿ ತಂದಿದ್ದಾನೆ. ಅದರ ಕಥೆಗೆ ಗ್ರೀಕ್ ಹೆಸರು ಅಂಟಿಸಿ ನಮ್ಮ ಮಕ್ಕಳಿಗೆ ಹೇಳುವುದು ನೋವಿನ ಸಂಗತಿ. ಬೆಕ್ಕಿಗೆ ಗಂಟೆ ಕಟ್ಟುವ ಇಲಿಗಳ ಕಥೆ ಹಳೆಯ ಗ್ರೀಕ್ ಸಂಗ್ರಹಗಳಲ್ಲಿಲ್ಲ, ಅದು 13ನೇ ಶತಮಾನದಲ್ಲಿ ಇಂಗ್ಲೆಂಡಿನ ಓಡೋ ಎಂಬ ಪಾದ್ರಿಯ ಬರಹದಲ್ಲಿ ಕಾಣುವಂಥದ್ದು.

ಪರೀಕ್ಷಿಸುವುದು ಕಷ್ಟವಲ್ಲ. ಬೆನ್ ಎಡ್ವಿನ್ ಪೆರ್ರಿ ಎಂಬ ವಿದ್ವಾಂಸ 1952ರಲ್ಲಿ ಈಸೋಪನ ಹೆಸರಿನ ಕಥೆಗಳಿಗೆ 725ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ನರಿ-ದ್ರಾಕ್ಷಿ 15, ಸಿಂಹ-ಇಲಿ 150, ‘ತೋಳ ಬಂತು ತೋಳ’ 210, ಆಮೆ-ಮೊಲ 226. ಪಟ್ಟಿಯಲ್ಲಿ ಕಥೆ ಇದೆಯೇ ಎಂದು ನೋಡಬೇಕು. ಇದ್ದರೆ ಗ್ರೀಕ್ ಭಾಗದಲ್ಲೋ ಅದರ ನಂತರದ ಲ್ಯಾಟಿನ್ ಭಾಗದಲ್ಲೋ ಎಂದು ನೋಡಬೇಕು. ಬೆಕ್ಕಿನ ಗಂಟೆಗೂ 613 ಎಂಬ ಸಂಖ್ಯೆ ಇದೆ, ಆದರೆ ಅದು ಲ್ಯಾಟಿನ್ ಭಾಗದ್ದು. ಸಂಖ್ಯೆ ಕಂಡೊಡನೆ ಈಸೋಪನದೆಂದು ಬರೆದರೆ ಎಡವುವುದು ಇಲ್ಲಿಯೇ. ಕಥೆಯ ಕೆಳಗೆ ‘ಪೆರ್ರಿ 15, ಗ್ರೀಕ್ ಗದ್ಯ’ ಎಂದು ಒಂದು ಸಾಲು ಸೇರಿಸಲು ಜಾಗ ಎಷ್ಟು ಬೇಕು? ಪ್ರಾಣಿಯ ಹೆಸರನ್ನೂ ಹಾಗೆಯೇ ನೋಡಿಕೊಳ್ಳಬೇಕು. ಇರುವೆಯ ಬಳಿ ಕಾಳು ಬೇಡಿದ್ದು ಗ್ರೀಕಿನಲ್ಲಿ ಮಿಡತೆಯಲ್ಲ, ಬೇಸಿಗೆಯಿಡೀ ಮರದಲ್ಲಿ ಕೂಗುವ ಜೀರುಂಡೆ. ಹಾಡುವ ಹುಳು ಅದೇ ಆದ್ದರಿಂದ ಕಥೆಗೂ ಹೊಂದುತ್ತದೆ. ಬಂಗಾರದ ಮೊಟ್ಟೆಯಿಟ್ಟದ್ದು ಗದ್ಯದಲ್ಲಿ ಹೆಬ್ಬಾತು, ಬಾಬ್ರಿಯಸನಲ್ಲಿ ಕೋಳಿ. ನಮ್ಮ ‘ಕೋಳಿ’ ತಪ್ಪಲ್ಲ.

ಕೊನೆಗೆ ಕಾಗೆ-ಹೂಜಿ, ಪೆರ್ರಿ 390. ಇದನ್ನು ತರಗತಿಯಲ್ಲಿ ಮಾಡಿ ತೋರಿಸುವವರಿದ್ದಾರೆ, ಆದರೆ ಎಷ್ಟೋ ಸಲ ನೀರು ಮೇಲೆ ಬರುವುದೇ ಇಲ್ಲ. ಒಂದೇ ಗಾತ್ರದ ಜಲ್ಲಿ ತುಂಬಿದರೆ ಕಲ್ಲುಗಳ ನಡುವೆ ನೂರಕ್ಕೆ ಸುಮಾರು 40 ಭಾಗ ಖಾಲಿ ಉಳಿಯುತ್ತದೆ, ನೀರು ಮೊದಲು ಆ ಸಂದುಗಳನ್ನು ತುಂಬುತ್ತದೆ. ಮೇಲಿಂದ ಕೆಳಗೆ ಒಂದೇ ಅಗಲದ 1 ಲೀಟರಿನ ಜಾಡಿಗೆ 300 ಮಿ.ಲೀ. ನೀರು ಹಾಕಿ ಕಲ್ಲು ಬಾಯಿವರೆಗೆ ತುಂಬಿದರೂ ನೀರು ನಿಲ್ಲುವುದು ಮುಕ್ಕಾಲರ ಹತ್ತಿರ, ಮೇಲೆ ಒಣಕಲ್ಲು. 500 ಮಿ.ಲೀ. ಇಟ್ಟುಕೊಂಡರೆ ಕಲ್ಲು ಬಾಯಿ ಮುಟ್ಟುವ ಮೊದಲೇ ನೀರು ತುಳುಕುತ್ತದೆ. ಕಲ್ಲು ಹೆಬ್ಬೆರಳ ಗಾತ್ರದ್ದು, ತೊಳೆದದ್ದು ಇರಲಿ; ಇಟ್ಟಿಗೆ ಚೂರು ನೀರು ಹೀರುವುದರಿಂದ ಬೇಡ. ಬರ್ಡ್ ಮತ್ತು ಎಮೆರಿ ಎಂಬ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಗೆ ಜಾತಿಯ ರೂಕ್ ಹಕ್ಕಿಗಳು ಕಲ್ಲು ಹಾಕಿ ನೀರೇರಿಸಿ ತೇಲುವ ಹುಳುವನ್ನು ಹಿಡಿದವು, ದೊಡ್ಡ ಕಲ್ಲನ್ನೇ ಆರಿಸಿದವು. ಜಾಡಿ ಗಾಜಿನದಾದರೆ ಕಲ್ಲನ್ನು ಮೇಲಿಂದ ಬಿಡದೆ ಜಾಡಿಯನ್ನು ಓರೆ ಹಿಡಿದು ಅಂಚಿನಿಂದ ಜಾರಿಸಬೇಕು. ಚಿಕ್ಕ ಮಕ್ಕಳ ಕೈಗಾದರೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೇ ವಾಸಿ.

ಇತಿ,
ಕೆಲವು ಭಾಷಾ ಶಿಕ್ಷಕರು
ಚಿಕ್ಕಬಳ್ಳಾಪುರ