ಲೇನ್ ಎಚ್ಚರಿಕೆ: ಕೊರತೆ ಇರುವುದು ನಕ್ಷೆಯಲ್ಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಲ–ಲೋಣಾವಳ ಘಾಟಿಗೆ ಮಂಜು ಕವಿದರೆ ರಸ್ತೆಯ ಬಿಳಿ ಗೆರೆ ಕಾಣದೆ ಕ್ಯಾಮೆರಾ ಆಧಾರಿತ ಲೇನ್ ಎಚ್ಚರಿಕೆ (ವಾಹನ ತನ್ನ ಲೇನ್ ಬಿಟ್ಟು ಸರಿದರೆ ಚಾಲಕರನ್ನು ಎಚ್ಚರಿಸುವ ಸಾಧನ) ಸುಮ್ಮನಾಗುತ್ತದೆ. ಜಿಪಿಎಸ್ ಆಧಾರಿತ ಎಚ್ಚರಿಕೆ ಬೇಕಾಗುವುದೇ ಆಗ. ಮುಂಬೈಯಿಂದ ಪುಣೆ ಮಾರ್ಗವಾಗಿ ಊರಿನ ಕಡೆ ರಾತ್ರಿ ಬಸ್ ಓಡಿಸುವ ನಮ್ಮವರು ಅಂಥ ಸಾಧನ ಕೊಳ್ಳುವ ಮುನ್ನ ಒಂದು ಲೆಕ್ಕ ನೋಡಬೇಕು.

ಬಸ್ಸಿನ ಅಗಲ 2.6 ಮೀ. ವರೆಗೆ, ಲೇನಿನದು 3.5ರಿಂದ 3.75 ಮೀ. ಸರಿಯಾಗಿ ನಡುವೆ ಹೋದರೂ ಇಕ್ಕೆಲದಲ್ಲಿ ಉಳಿಯುವುದು ಅರ್ಧ ಮೀಟರ್ ಆಸುಪಾಸು. ಸಾಮಾನ್ಯ ಜಿಪಿಎಸ್ ಬಯಲಿನಲ್ಲೇ 3–5 ಮೀ. ತಪ್ಪಬಹುದು. ಆರ್‌ಟಿಕೆ ಎಂಬ ವಿಶೇಷ ಜಿಪಿಎಸ್ ರಿಸೀವರ್ 2–3 ಸೆಂ.ಮೀ. ನಿಖರತೆ ಕೊಡುತ್ತದೆ ನಿಜ. ಆದರೆ ಅದಕ್ಕೆ ನೆಲದ ಮೇಲಿನ ಕೇಂದ್ರದಿಂದ ಮೊಬೈಲ್ ಜಾಲದ ಮೂಲಕ ತಿದ್ದುಪಡಿ ಬರುತ್ತಲೇ ಇರಬೇಕು. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಕಡಿದರೆ ಅದೂ ಕೈಕೊಡುತ್ತದೆ.

ಅಗ್ಗದ ರಿಸೀವರಿಗೂ ಒಂದು ದಾರಿ ಇದೆ. ಜಿಪಿಎಸ್ ತಪ್ಪು ದೊಡ್ಡದಾದರೂ ಕೆಲವು ಸೆಕೆಂಡುಗಳಲ್ಲಿ ಹೆಚ್ಚು ಬದಲಾಗುವುದಿಲ್ಲ. ಒಂದರ ಹಿಂದೊಂದು ಬರುವ ಬಿಂದುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪಿರುವುದರಿಂದ ಅವುಗಳಿಂದ ಸಿಗುವ ದಿಕ್ಕನ್ನು ನಂಬಬಹುದು. ಆ ದಿಕ್ಕನ್ನು ನಕ್ಷೆಯಲ್ಲಿನ ರಸ್ತೆಯ ದಿಕ್ಕಿಗೆ ಹೋಲಿಸಿ, ಬಸ್ ಪಕ್ಕಕ್ಕೆ ಸರಿದಷ್ಟನ್ನು ಕೂಡುತ್ತ ಹೋಗಬೇಕು. ಗಂಟೆಗೆ 80 ಕಿ.ಮೀ. ವೇಗದ ಬಸ್ ಸೆಕೆಂಡಿಗೆ 22 ಮೀ. ಸಾಗುತ್ತದೆ, ಒಂದೂವರೆ ಡಿಗ್ರಿ ವಾಲಿದರೆ ಅಷ್ಟರಲ್ಲೇ 58 ಸೆಂ.ಮೀ. ಪಕ್ಕಕ್ಕೆ. ಸೆಕೆಂಡಿಗೊಮ್ಮೆ ಮಾತ್ರ ಸ್ಥಾನ ಕೊಡುವ ಟ್ರ್ಯಾಕರ್ ಇದಕ್ಕೆ ಸಾಲದು, 10 ಬಾರಿಯಾದರೂ ಬೇಕು. ಇಂಡಿಕೇಟರ್ ತಂತಿಯನ್ನೂ ಸಾಧನಕ್ಕೆ ಜೋಡಿಸಲೇಬೇಕು. ಇಲ್ಲವಾದರೆ ಪ್ರತಿ ಓವರ್‌ಟೇಕಿಗೂ ಬಜರ್ ಕೂಗಿ, ಚಾಲಕರು ಬೇಸತ್ತು ಅದನ್ನು ಕಿತ್ತುಹಾಕುತ್ತಾರೆ.

ಇಷ್ಟೆಲ್ಲ ಸರಿಯಿದ್ದರೂ ನಕ್ಷೆ ಒರಟಾಗಿದ್ದರೆ ಪ್ರಯೋಜನವಿಲ್ಲ. ದಾರಿ ತೋರಿಸಲು ಮಾಡಿದ ನಕ್ಷೆಗಳು ತಿರುವನ್ನು ನೇರ ತುಂಡುಗಳಲ್ಲಿ ಬರೆಯುತ್ತವೆ. 300 ಮೀ. ತ್ರಿಜ್ಯದ ತಿರುವಿನಲ್ಲಿ ತುಂಡು 50 ಮೀ. ಉದ್ದವಿದ್ದರೆ ಗೆರೆ ನಿಜವಾದ ರಸ್ತೆಗಿಂತ ಸುಮಾರು 1 ಮೀ. ಒಳಗಿರುತ್ತದೆ, ತುದಿಯಲ್ಲಿ ದಿಕ್ಕು ಹತ್ತಿರ ಹತ್ತಿರ 5 ಡಿಗ್ರಿ ತಪ್ಪುತ್ತದೆ. ಲೇನಿನಲ್ಲೇ ಇರುವ ಬಸ್ಸಿಗೂ ಎಚ್ಚರಿಕೆ ಮೊಳಗುವುದು ಇದರಿಂದ. ಭಾತಾಣ, ಮಾಡಪ, ಕಾಮಶೇತ್ ಸುರಂಗಗಳಲ್ಲಿ ಉಪಗ್ರಹವೇ ಸಿಗದು. ಅಲ್ಲಿ ಗೈರೋ (ವಾಹನ ತಿರುಗಿದ್ದನ್ನು ಅಳೆಯುವ ಸಂವೇದಕ) ಮತ್ತು ಚಕ್ರದ ವೇಗದ ಲೆಕ್ಕದಿಂದ ಸ್ವಲ್ಪ ಹೊತ್ತು ಸಾಗಿಸಬಹುದಷ್ಟೆ.

ಆದ್ದರಿಂದ ಎಕ್ಸ್‌ಪ್ರೆಸ್‌ವೇ ನೋಡಿಕೊಳ್ಳುವವರು ಪ್ರತಿ ಲೇನಿನ ಮಧ್ಯರೇಖೆಯನ್ನು ಸರ್ವೆ ಮಾಡಿಸಿ, ತಿರುವುಗಳಲ್ಲಿ 5 ಮೀಟರಿಗೊಂದು ಬಿಂದುವಿನಂತೆ ಎಲ್ಲರಿಗೂ ಉಚಿತವಾಗಿ ಒದಗಿಸಬೇಕೆಂದು ಒತ್ತಾಯಿಸುತ್ತೇವೆ. ಅಳತೆ ಯಾವ ವರ್ಷದ್ದು ಎಂಬುದೂ ಅದರಲ್ಲಿರಲಿ. ಭಾರತದ ಭೂಫಲಕ ರಸ್ತೆಗಳ ಸಮೇತ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 10 ವರ್ಷ ಹಳೆಯ ನಕ್ಷೆ ಆರ್‌ಟಿಕೆ ಸಾಧನಕ್ಕೆ ಅರ್ಧ ಮೀಟರ್ ತಪ್ಪು ಹೇಳೀತು.

– ವಾಹನ ಎಲೆಕ್ಟ್ರಾನಿಕ್ಸ್ ಕ್ಷೇತ್ರದ ಕನ್ನಡಿಗ ತಂತ್ರಜ್ಞರು, ಪಿಂಪರಿ–ಚಿಂಚವಾಡ, ಪುಣೆ