ಆಂಟೆನಾ ವಿಚಾರವಾಗಿ ಮಂಡ್ಯದ ಚಿಕ್ಕಪ್ಪನವರಿಗೆ

ಟಾರ್ನೀಟ್, ಮೆಲ್ಬರ್ನ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಿಮ್ಮ ಅಣ್ಣನ ಮಗಳು ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಮಂಡ್ಯದಲ್ಲಿ ನೀವೆಲ್ಲರೂ ಕ್ಷೇಮವೆಂದು ಭಾವಿಸಿದ್ದೇನೆ.

ನಿಮ್ಮ ಪತ್ರವೂ ಅದರೊಳಗೆ ಮಡಿಸಿಟ್ಟಿದ್ದ ಜಾಹೀರಾತಿನ ತುಣುಕೂ ಬಂದು ತಲುಪಿದವು. ಗೋಡೆಗೆ ಅಂಟಿಸುವಷ್ಟು ತೆಳುವಾದ ‘ಡಿಜಿಟಲ್ ಎಚ್‌ಡಿ ಆಂಟೆನಾ’ ತರಿಸಿಕೊಂಡರೆ ಕೇಬಲ್ಲಿನವರಿಗೆ ತಿಂಗಳು ತಿಂಗಳು ಕೊಡುವ ಹಣ ಉಳಿಯುತ್ತದೆ ಎಂದು ಅಪ್ಪ ಹಟ ಹಿಡಿದಿರುವುದಾಗಿ ಬರೆದಿದ್ದೀರಿ. ನಾವು ಈ ಮನೆಯ ಮೇಲೆ ಆಂಟೆನಾ ಹಾಕಿದ ಸುದ್ದಿ ಕೇಳಿದಂದಿನಿಂದ ಅವರಿಗೆ ಈ ಯೋಚನೆ ಹತ್ತಿರಬೇಕು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ಅದನ್ನು ತರಿಸಬೇಡಿ. ಆದರೆ ಬರೀ ಬೇಡವೆಂದರೆ ಅಪ್ಪ ಒಪ್ಪುವವರಲ್ಲ. ಅಂಗಡಿ ಇಟ್ಟು ಅಷ್ಟು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದ ನೀವು ವಿವರಿಸಿದರೆ ಒಪ್ಪಿಯಾರು. ಹಾಗಾಗಿ ಇಲ್ಲಿ ಆಂಟೆನಾ ಏಕೆ ನಡೆಯುತ್ತದೆ, ಅಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ನಿಮಗೆ ಬರೆಯುತ್ತಿದ್ದೇನೆ.

ಮೆಲ್ಬರ್ನಿನಲ್ಲಿ ಅನಲಾಗ್ ಪ್ರಸಾರ ನಿಂತದ್ದು 2013ರ ಡಿಸೆಂಬರ್ 10ರಂದು. ಆದರೆ ಟವರಿನಿಂದ ನೇರವಾಗಿ ಮನೆಗಳಿಗೆ ಪ್ರಸಾರ ಮಾಡುವ ಪದ್ಧತಿಯನ್ನು ಇವರು ಬಿಡಲಿಲ್ಲ. ಅದೇ ಟವರುಗಳಿಂದ ಡಿಜಿಟಲ್ ಪ್ರಸಾರ ಮುಂದುವರಿಯಿತು. ನಗರದ ಪೂರ್ವಕ್ಕೆ ಮೌಂಟ್ ಡ್ಯಾಂಡಿನಾಂಗ್ ಎಂಬ 633 ಮೀಟರ್ ಎತ್ತರದ ಬೆಟ್ಟವಿದ್ದು, ಮುಖ್ಯ ವಾಹಿನಿಗಳ ಟವರುಗಳೆಲ್ಲ ಅದರ ನೆತ್ತಿಯ ಮೇಲಿವೆ. ನಾವಿರುವ ಟಾರ್ನೀಟ್ ನಗರದ ಪಶ್ಚಿಮದ ಅಂಚು. ಬೆಟ್ಟಕ್ಕೂ ನಮಗೂ ನಡುವೆ ಸುಮಾರು 60 ಕಿಲೋಮೀಟರ್, ಅಂದರೆ ಮಂಡ್ಯಕ್ಕೂ ಮೈಸೂರಿಗೂ ಇರುವುದಕ್ಕಿಂತ ಹೆಚ್ಚು ದೂರ. ಮಧ್ಯದಲ್ಲಿ ಇಡೀ ಊರು ಹರಡಿಕೊಂಡಿದೆ.

ಇಲ್ಲಿಯ ಐದು ಮುಖ್ಯ ವಾಹಿನಿಗಳ ಪ್ರಸಾರಗಳು ಇರುವುದು 174ರಿಂದ 230 ಮೆಗಾಹರ್ಟ್ಸ್‌ವರೆಗಿನ ಕಂಪನಾಂಕಗಳ ಪಟ್ಟಿಯಾದ ವಿಎಚ್‌ಎಫ್ ಬ್ಯಾಂಡ್-3ರಲ್ಲಿ. ನಿಮಗೆ ಕೂಡಲೇ ಹೊಳೆದಿರುತ್ತದೆ: ನಮ್ಮಲ್ಲಿ ದೂರದರ್ಶನದ 5ರಿಂದ 12ನೆಯ ಚಾನೆಲುಗಳಿದ್ದದ್ದೂ ಇದೇ ಬ್ಯಾಂಡು, ಒಂದೊಂದು ಚಾನೆಲಿನ ಅಗಲವೂ ಇಲ್ಲಿಯಂತೆಯೇ 7 ಮೆಗಾಹರ್ಟ್ಸ್. ಇಲ್ಲಿ ಎಲ್ಲಕ್ಕಿಂತ ಕೆಳಗಿನ ಕಂಪನಾಂಕದಲ್ಲಿರುವುದು ಸೆವೆನ್ ವಾಹಿನಿ, ಸುಮಾರು 177 ಮೆಗಾಹರ್ಟ್ಸ್. ಎಲ್ಲಕ್ಕಿಂತ ಮೇಲಿರುವುದು ಎಬಿಸಿ, ಸುಮಾರು 226. ಕಡ್ಡಿ ಅರ್ಧ ತರಂಗದಷ್ಟು ಉದ್ದವಿರಬೇಕೆಂಬ ಲೆಕ್ಕ ಹಾಕಿದರೆ ಸೆವೆನ್‌ಗೆ 85 ಸೆಂಟಿಮೀಟರ್ ಉದ್ದದ ಕಡ್ಡಿ ಬೇಕು, ಎಬಿಸಿಗೆ 66 ಸಾಕು. ಹಿಂದಿನ ಮಾಲೀಕರು ಗೋಡೆಯ ಮೇಲೆ ಬಿಟ್ಟುಹೋಗಿದ್ದ ಅಂಗೈಯಗಲದ ಚಪ್ಪಟೆ ಆಂಟೆನಾದಲ್ಲಿ ಎಬಿಸಿ ಹೇಗೋ ಬರುತ್ತಿತ್ತು, ಸೆವೆನ್ ಮಾತ್ರ ಚೌಕ ಚೌಕವಾಗಿ ಒಡೆದು ಕಪ್ಪಾಗುತ್ತಿತ್ತು. ಇಲ್ಲಿ ನಡೆಯುವ ಟೆಸ್ಟ್ ಪಂದ್ಯಗಳನ್ನು ಹಣವಿಲ್ಲದೆ ತೋರಿಸುವ ವಾಹಿನಿ ಅದೇ ಆಗಿರುವುದರಿಂದ ನಿಮ್ಮ ಅಳಿಯಂದಿರು ಈ ಕೆಲಸವನ್ನು ಮುಂದೆ ಹಾಕಲು ಒಪ್ಪಲಿಲ್ಲ.

ಅಂಗಡಿಗೆ ಹೋದರೆ ಎಲ್ಲ ಪೆಟ್ಟಿಗೆಗಳ ಮೇಲೂ ‘ಡಿಜಿಟಲ್’ ಎಂದೇ ಬರೆದಿರುತ್ತದೆ. ಅಲ್ಯುಮಿನಿಯಂ ಕಡ್ಡಿಗೆ ಅನಲಾಗ್ ಯಾವುದು, ಡಿಜಿಟಲ್ ಯಾವುದು ಎಂಬ ಭೇದವಿಲ್ಲ. ಅದಕ್ಕೆ ತಿಳಿಯುವುದು ತನ್ನ ಉದ್ದಕ್ಕೆ ಹೊಂದುವ ಕಂಪನಾಂಕ ಮತ್ತು ತಾನು ಮುಖ ಮಾಡಿರುವ ದಿಕ್ಕು ಮಾತ್ರ. ನಾನು ಪೆಟ್ಟಿಗೆಯ ಮೇಲಿನ ಹೊಗಳಿಕೆಯನ್ನೆಲ್ಲ ಬಿಟ್ಟು, ಯಾವ ಬ್ಯಾಂಡಿಗೆ ಮಾಡಿದ್ದು ಎಂಬ ಒಂದು ಸಾಲನ್ನು ಹುಡುಕಿ, ಬ್ಯಾಂಡ್-3ಕ್ಕಷ್ಟೇ ಮಾಡಿದ, ಕೋಲಿಗೆ ಅಡ್ಡಕಡ್ಡಿಗಳನ್ನು ಕೂರಿಸಿದ ಸಾದಾ ಯಾಗಿ ಆಂಟೆನಾ ಆರಿಸಿದೆ. ಅದಕ್ಕೂ ಮೇಲಿನ ಕಂಪನಾಂಕಗಳನ್ನು ಹಿಡಿಯುವ ಯುಎಚ್‌ಎಫ್ ಕಡ್ಡಿಗಳೂ ಸೇರಿದ್ದು ನಮಗೆ ಬೇಕಿರಲಿಲ್ಲ; ಇಲ್ಲಿ 700 ಮೆಗಾಹರ್ಟ್ಸ್ ಭಾಗವನ್ನು ಈಗ ಮೊಬೈಲ್ ಸೇವೆಗೆ ಕೊಟ್ಟಿರುವುದರಿಂದ ಆ ಗದ್ದಲ ಒಳಬರದಿದ್ದರೇ ಒಳ್ಳೆಯದು. ಅಲ್ಲಿ ನಮ್ಮ ಅಟ್ಟದ ಮೇಲೆ ಹಳೆಯ ಆಂಟೆನಾ ಇನ್ನೂ ಇದ್ದರೆ, ವೈರು ಕಟ್ಟುವ ಮಡಿಚಿದ ಕಡ್ಡಿಯನ್ನು ಒಮ್ಮೆ ಅಳೆದು ಬರೆಯಿರಿ. 150ನ್ನು ಮೀಟರಿನ ಲೆಕ್ಕದ ಆ ಉದ್ದದಿಂದ ಭಾಗಿಸಿ, ನೂರಕ್ಕೆ ಐದರಷ್ಟು ಕಳೆದರೆ ಬರುವ ಮೆಗಾಹರ್ಟ್ಸ್ ಅಂಕೆಯಿಂದ ಅದು ಯಾವ ಚಾನೆಲಿಗೆ ಮಾಡಿದ್ದೆಂದು ತಿಳಿಯುತ್ತದೆ. ಮುಕ್ಕಾಲು ಮೀಟರಿನ ಆಸುಪಾಸಿನಲ್ಲಿದ್ದರೆ ಅದೇ ಆಂಟೆನಾ ಇಲ್ಲಿ ಈ ಹೊತ್ತಿಗೂ ಡಿಜಿಟಲ್ ಚಿತ್ರ ಹಿಡಿಯುತ್ತದೆ.

ಕೂರಿಸುವ ಕೆಲಸ ನಿಮಗೆ ಹೊಸದಲ್ಲವಾದರೂ ಎರಡು ವ್ಯತ್ಯಾಸಗಳನ್ನು ಹೇಳಬೇಕು. ಮೊದಲನೆಯದು ದಿಕ್ಕು. ನಕ್ಷೆಯ ಪ್ರಕಾರ ಬೆಟ್ಟ ನಮಗೆ ನೇರ ಪೂರ್ವಕ್ಕಿದೆ. ಮಂಡ್ಯದಲ್ಲಾದರೆ ದಿಕ್ಸೂಚಿಯ ಮುಳ್ಳನ್ನು ಹಾಗೆಯೇ ನಂಬಬಹುದು. ಇಲ್ಲಿ ಮುಳ್ಳು ನಿಜವಾದ ಉತ್ತರದಿಂದ ಸುಮಾರು 12 ಡಿಗ್ರಿ ಪೂರ್ವಕ್ಕೆ ವಾಲುತ್ತದೆ, ಆದ್ದರಿಂದ ದಿಕ್ಸೂಚಿಯಲ್ಲಿ 90 ಎಂದು ಹಿಡಿದರೆ ಆಂಟೆನಾ ದಕ್ಷಿಣಕ್ಕೆ ಜಾರುತ್ತದೆ, 78 ಎಂದು ಹಿಡಿಯಬೇಕು. ಎರಡನೆಯದು ತಾಳ್ಮೆ. ನೀವು ಮಹಡಿಯ ಮೇಲೆ ಕಂಬ ತಿರುಗಿಸುತ್ತಿದ್ದರೆ ನಾವು ಕೆಳಗಿನಿಂದ ‘ಬಂತು ಬಂತು, ಅಯ್ಯೋ ಹೋಯ್ತು’ ಎಂದು ಕೂಗುತ್ತಿದ್ದೆವಲ್ಲ, ಆ ಪದ್ಧತಿ ಡಿಜಿಟಲ್‌ನಲ್ಲಿ ನಡೆಯುವುದಿಲ್ಲ. ಟಿವಿ ಸಂಕೇತವನ್ನು ಬಿಡಿಸಿ ಚಿತ್ರ ಕಟ್ಟಲು ಒಂದೆರಡು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ತಿರುಗಿಸುವವರ ಕೈ ಮುಂದೆ ಹೋಗಿರುತ್ತದೆ. ಬೆರಳಗಲ ತಿರುಗಿಸಿ, ನಿಲ್ಲಿಸಿ, ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ಸಿಗ್ನಲ್ ಕ್ವಾಲಿಟಿ’ ಅಂಕೆಯನ್ನು ಓದಿಸಿಕೊಂಡು ಮತ್ತೆ ಬೆರಳಗಲ ತಿರುಗಿಸಬೇಕು. ಪಕ್ಕದಲ್ಲೇ ತೋರುವ ‘ಸ್ಟ್ರೆಂತ್’ ಅಂಕೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಗದ್ದಲ ಹೆಚ್ಚಾದರೂ ಅದು ಏರುತ್ತದೆ. ಒಳ್ಳೆಯ ಚಿತ್ರ ಕಂಡಿತೆಂದು ಅಲ್ಲಿಗೇ ಬಿಗಿಮಾಡುವುದೂ ಸಲ್ಲದು. ಅನಲಾಗ್‌ನಲ್ಲಿ ಸಂಕೇತ ಕುಗ್ಗಿದಂತೆಲ್ಲ ಚುಕ್ಕೆಗಳು ಹೆಚ್ಚಿ ಮುನ್ಸೂಚನೆ ಕೊಡುತ್ತಿದ್ದವು; ಇದರಲ್ಲಿ ಕೊನೆಯ ಕ್ಷಣದವರೆಗೂ ಚಿತ್ರ ಚೊಕ್ಕಟವಾಗಿದ್ದು, ಆಮೇಲೆ ಒಮ್ಮೆಲೇ ಏನೂ ಇರುವುದಿಲ್ಲ. ಮಳೆಗಾಳಿಯ ದಿನಕ್ಕೆಂದು ಸ್ವಲ್ಪ ಶಕ್ತಿ ಮಿಗಿಸಿಕೊಂಡೇ ಬೋಲ್ಟು ಬಿಗಿಯಬೇಕು. ಆ ಕಾಲದ ನೆರಳು ಚಿತ್ರದ ಕಾಟವೊಂದು ತಪ್ಪಿದೆ. ಕಟ್ಟಡಗಳಿಗೆ ಬಡಿದು ತಡವಾಗಿ ಬರುವ ಪ್ರತಿಫಲನವನ್ನು ಒಂದು ಮಿತಿಯವರೆಗೆ ಈ ಡಿಜಿಟಲ್ ವ್ಯವಸ್ಥೆ ತಾನೇ ಸಹಿಸಿಕೊಳ್ಳುತ್ತದೆ.

ಇಷ್ಟಾದ ಮೇಲೂ ಅಂಕೆ ನಿರೀಕ್ಷಿಸಿದಷ್ಟು ಏರಲಿಲ್ಲ. ಅಂಗಡಿಯವರು ಕೂಡಲೇ ಸಂಕೇತವನ್ನು ಹಿಗ್ಗಿಸುವ ಬೂಸ್ಟರ್ ಮಾರಲು ಮುಂದಾದರು. ನಾನು ಚಾವಣಿಯ ಸಂದಿಯಲ್ಲಿ ಬ್ಯಾಟರಿ ಹಿಡಿದು ತೆವಳಿಕೊಂಡು ಹೋಗಿ ಕೇಬಲ್ಲಿನ ಜಾಡು ನೋಡಿದಾಗ, ಒಂದು ಕೇಬಲ್ಲಿನ ಸಂಕೇತವನ್ನು ನಾಲ್ಕು ಟಿವಿಗಳಿಗೆ ಹಂಚುವ, ಧೂಳು ಹಿಡಿದ ನಾಲ್ಕು ದಾರಿಯ ಸ್ಪ್ಲಿಟರ್ ಒಂದು ಸಿಕ್ಕಿತು. ಅದರ ಮೂರು ಬಾಯಿಗಳಿಗೆ ಯಾವ ಟಿವಿಯೂ ಇರಲಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ಮೇಲಿನ ತೂಬುಗಳೆಲ್ಲ ತೆರೆದಿದ್ದರೆ ಕೊನೆಭಾಗದ ಗದ್ದೆಗೆ ನೀರೆಷ್ಟು ಉಳಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ಇದೂ ಹಾಗೆಯೇ. ನಾಲ್ಕು ದಾರಿಯ ಸ್ಪ್ಲಿಟರ್ ಸುಮಾರು 7 ಡೆಸಿಬೆಲ್ ತಿಂದುಹಾಕುತ್ತದೆ, ಅಂದರೆ ಬಂದ ಶಕ್ತಿಯಲ್ಲಿ ಐದನೆಯ ಒಂದು ಭಾಗವಷ್ಟೇ ಟಿವಿಗೆ ದಕ್ಕುತ್ತದೆ. ಅದನ್ನು ತೆಗೆದು ನೇರವಾಗಿ ಜೋಡಿಸಿದೆವು. ಇಪ್ಪತ್ತು ಮೀಟರ್ ಆರ್‌ಜಿ-6 ಕೇಬಲ್ಲಿನಲ್ಲಿ ಈ ಕಂಪನಾಂಕಕ್ಕೆ ಆಗುವ ನಷ್ಟ ಸುಮಾರು 2 ಡೆಸಿಬೆಲ್ ಮಾತ್ರ. ಅದಕ್ಕೆ ಬೂಸ್ಟರ್ ಅನಗತ್ಯ. ಬೇಕೇ ಬೇಕೆಂದಾದರೂ ಅದನ್ನು ಕಂಬದ ತುದಿಯಲ್ಲಿ ಆಂಟೆನಾದ ಬಳಿಯೇ ಇಡಬೇಕು. ಟಿವಿಯ ಹಿಂದೆ ಇಟ್ಟರೆ ದಾರಿಯಲ್ಲಿ ಸೇರಿಕೊಂಡ ಗದ್ದಲವೂ ಸಂಕೇತದೊಂದಿಗೆ ದೊಡ್ಡದಾಗುತ್ತದೆ.

ಉಳಿದದ್ದು ಒಂದೇ ತೊಂದರೆ. ಅಡುಗೆಮನೆಯ ಎಲ್‌ಇಡಿ ದೀಪ ಹಾಕಿದರೆ ಸೆವೆನ್ ಒಡೆಯುತ್ತಿತ್ತು, ಆರಿಸಿದರೆ ಸರಿಯಾಗುತ್ತಿತ್ತು. ಅಗ್ಗದ ದೀಪಗಳೊಳಗಿನ ವಿದ್ಯುತ್ ಮಂಡಲಗಳು ಉಗುಳುವ ಗದ್ದಲ ವಿಎಚ್‌ಎಫ್‌ಗೆ ಬಹಳ ಬೇಗ ತಗಲುತ್ತದೆ. ಗೋಡೆಯಿಂದ ಟಿವಿಗೆ ಇದ್ದ ಸಣಕಲು ವೈರನ್ನು ತೆಗೆದು, ನಾಲ್ಕು ಪದರ ಕವಚದ ಕೇಬಲ್ ಹಾಕಿ, ತಿರುಗಿಸಿ ಬಿಗಿಮಾಡುವ ಎಫ್ ಕನೆಕ್ಟರ್ ಕೂರಿಸಿದ ಮೇಲೆ ಅದೂ ನಿಂತಿತು. ಇನ್ನು ಕೇಬಲ್ಲನ್ನು ಇಲ್ಲಿಯ ಬಿಳಿ ಕಾಕಟೂ ಗಿಳಿಗಳಿಂದ ಕಾಯಬೇಕು. ಅವು ಆಂಟೆನಾದ ಮೇಲೆ ಕೂತು ವೈರು ಕಡಿಯುವುದರಲ್ಲಿ ನಮ್ಮ ಕೋತಿಗಳಿಗೆ ಕಡಿಮೆಯಿಲ್ಲ.

ಈಗ ಮಂಡ್ಯದ ನಮ್ಮ ಮನೆಯ ಮಾತು. ಇಷ್ಟೆಲ್ಲ ಸಾಧ್ಯವಾದದ್ದು ಬೆಟ್ಟದ ಮೇಲೆ ಟವರು ಕೆಲಸ ಮಾಡುತ್ತಿರುವುದರಿಂದ. ದೂರದರ್ಶನ ತನ್ನ ಅನಲಾಗ್ ಭೂಪ್ರಸಾರ ಕೇಂದ್ರಗಳಲ್ಲಿ ಬಹುಪಾಲನ್ನು 2022ರ ಹೊತ್ತಿಗೆ ಮುಚ್ಚಿದೆ. ಖಾಸಗಿ ವಾಹಿನಿಗಳಿಗಂತೂ ನಮ್ಮ ದೇಶದಲ್ಲಿ ಟವರಿನಿಂದ ಪ್ರಸಾರ ಮಾಡಲು ಅನುಮತಿಯೇ ಇರಲಿಲ್ಲ. ಜಾಹೀರಾತಿನಲ್ಲಿ ಹೇಳಿರುವ ನೂರಾರು ವಾಹಿನಿಗಳು ಮಂಡ್ಯದ ಗಾಳಿಯಲ್ಲಿ ಇಲ್ಲವೇ ಇಲ್ಲ, ಇಲ್ಲದ್ದನ್ನು ಯಾವ ಆಂಟೆನಾ ತಾನೇ ಹಿಡಿದೀತು? ಅಪ್ಪನಿಗೆ ಈ ಒಂದು ಮಾತನ್ನು ಒತ್ತಿ ಹೇಳಿ.

ತಿಂಗಳ ಹಣ ಉಳಿಸಲೇಬೇಕೆಂದರೆ ದೂರದರ್ಶನದ ಫ್ರೀ ಡಿಶ್ ಹಾಕಿಸಿ. ಒಮ್ಮೆ ಡಿಶ್ಶಿಗೂ ಸೆಟ್‌ಟಾಪ್ ಬಾಕ್ಸಿಗೂ ಕೊಟ್ಟರೆ ಮುಗಿಯಿತು, ಚಂದನವೂ ಅದರಲ್ಲಿ ಬರುತ್ತದೆ. ಅದರ ಸಂಕೇತ 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ: ಮಂಡ್ಯದಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದರೆ 126 ಡಿಗ್ರಿಯಲ್ಲಿ, ನೆಲದಿಂದ ಸುಮಾರು 66 ಡಿಗ್ರಿ ಎತ್ತರದಲ್ಲಿದೆ. ಅಷ್ಟು ಎತ್ತರವಿರುವುದರಿಂದ ಹಿತ್ತಲಿನ ತೆಂಗಿನ ಮರಗಳಿಗೆ ಹೆದರಬೇಕಾಗಿಲ್ಲ; ಡಿಶ್ಶಿಗಿಂತ 9 ಮೀಟರ್ ಮೇಲೆ ಬೆಳೆದ ಮರವೂ ಆ ದಿಕ್ಕಿನಲ್ಲಿ 4 ಮೀಟರಿಗಿಂತ ಹತ್ತಿರವಿದ್ದರಷ್ಟೇ ಅಡ್ಡವಾಗುತ್ತದೆ. ಗರಿಗಳ ಹರವಿಗೆಂದು ಇನ್ನೆರಡು ಮೀಟರ್ ಬಿಡಿ. ಕೂರಿಸಲು ಬರುವ ಹುಡುಗ ಡಿಶ್ಶನ್ನು ಅಷ್ಟು ಮೇಲಕ್ಕೆ ಎತ್ತಿದಂತೆ ಕಾಣದಿದ್ದರೆ ಗಾಬರಿಯಾಗಬೇಡಿ, ಸಂಕೇತ ಹಿಡಿಯುವ ಎಲ್‌ಎನ್‌ಬಿ ಡಿಶ್ಶಿನ ನಡುವಿಗಿಂತ ಕೆಳಗೆ ಇರುವುದರಿಂದ ಹಾಗೆ ಕಾಣುತ್ತದೆ.

ಆದರೆ ಹಣ ಕೊಟ್ಟು ನೋಡುವ ವಾಹಿನಿಗಳು ಫ್ರೀ ಡಿಶ್‌ನಲ್ಲಿ ಬರುವುದಿಲ್ಲ. ಚಿಕ್ಕಮ್ಮ ಸಂಜೆ ನೋಡುವ ಧಾರಾವಾಹಿಗಳು ಯಾವ ವಾಹಿನಿಯವೆಂದು ಕೇಳಿಕೊಂಡು, ಅವರು ಒಪ್ಪಿದ ಮೇಲೆಯೇ ಕೇಬಲ್ ತೆಗೆಸಿ. ಆ ವಿಷಯದಲ್ಲಿ ಅಪ್ಪನ ಪರವಾಗಿ ನಾನು ಮಾತಾಡುವುದಿಲ್ಲ.

ಚಿಕ್ಕಮ್ಮನವರಿಗೂ ಅಪ್ಪ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸಿ, ಮಕ್ಕಳಿಗೆ ಆಶೀರ್ವಾದಗಳು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಅಣ್ಣನ ಮಗಳು